ಭಂಡಾರ ಹಚ್ಚಿದ ಹೊಟ್ಟೆ

ಕಳೆದ ತಿಂಗಳು ಬನಹಟ್ಟಿಯಿಂದ ಚಿಮ್ಮಡಕ್ಕೆ ಆಟೋದಲ್ಲಿ ಹೋಗುತ್ತಿದ್ದೆ. ಕಬ್ಬು ಕಡಿಯುವ ಕಾಲ. ದಾರಿಯ ಕಮ್ಮಾರನ ಅಂಗಡಿಯ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತು ನಮ್ಮ ಗಾಡಿ ಮುಂದೆ ಸಾಗಲಿಲ್ಲ. ಕಮ್ಮಾರ ಒಂದು ಕುಡಗೋಲನ್ನು ಬೆಂಕಿಯಿಂದ ಎಳೆದು ಬಡಿಯತೊಡಗಿದ. ಕಾದ ಕಬ್ಬಿಣದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಹೊಟ್ಟೆಯನ್ನು ಮುಚ್ಚಿಕೊಂಡವು. ಆಟೋದವನು ಕನ್ನಡಿಯಲ್ಲಿ ನೋಡಿ, "ಯಾಕ ಆಯಿ, ಹೊಟ್ಟಿ ನೋಯಾಕತ್ತೈತೇನು?" ಎಂದ. "ನಂದಲ್ಲಪಾ, ಬ್ಯಾರೇದವರ ಹೊಟ್ಟಿ. ಭಾಳ ಹಳೇ ಮಾತು," ಎಂದೆ. ಅವನಿಗೆ ಏನು ತಿಳಿಯಿತೋ, ಸುಮ್ಮನೆ ಹಾರ್ನ್ ಹೊಡೆದ.

ಆ ಹಳೇ ಮಾತು ಜಮಖಂಡಿ, ಮುಧೋಳ ಸಂಸ್ಥಾನಗಳು ಮುಗಿದು ನಾವೆಲ್ಲ ಮುಂಬೈ ರಾಜ್ಯದವರಾಗಿದ್ದ ಕಾಲದ್ದು. ಚಿಮ್ಮಡದಲ್ಲಿ ನಮ್ಮದು ಕುರಿ ಸಾಕುವ ಮನೆ. ಅಣ್ಣ ಭೀಮಪ್ಪ ಕುರಿ ಹೊಡೆದುಕೊಂಡು ಮುಧೋಳ ದಾಟಿ, ಬೀಳಗಿ ದಾಟಿ ಎರಿಹೊಲಗಳ ಕಡೆಗೆ ಹೋದರೆ ತಿಂಗಳುಗಟ್ಟಲೆ ಅತ್ತಲೇ. ಮನೆಯಲ್ಲಿ ಅಪ್ಪ, ಅಣ್ಣನ ಹೆಂಡತಿ ಕಾಶವ್ವ ಅತ್ತಿಗೆ, ಅವರ ನಾಲ್ಕು ವರ್ಷದ ಮಗಳು ಮಾಳಿ, ಮತ್ತು ನಾನು. ಅವ್ವ ನಾನು ಸಣ್ಣಾಕೆ ಇದ್ದಾಗಲೇ ತೀರಿಕೊಂಡಿದ್ದಳು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬನಹಟ್ಟಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಸದಾಗಿ ಮಾಸ್ತರಬಾಯಿ ಆಗಿದ್ದೆ. ಕುರುಬರ ಹುಡುಗಿ ಮಾಸ್ತರಕಿ ಮಾಡುವುದೆಂದರೆ ಆಗ ಊರಿಗೆಲ್ಲ ನಗೆಯ ಮಾತು. ನಗಲಿ ಬಿಡು ಎಂದು ನಾನು ತಲೆಯ ಮೇಲೆ ಸೆರಗು ಹೊದ್ದು ದಿನವೂ ಅವರ ಮುಂದೆಯೇ ನಡೆದು ಹೋಗುತ್ತಿದ್ದೆ.

ಅಪ್ಪನ ಹೆಸರು ನಿಂಗಪ್ಪ. ಸುತ್ತಿನ ಊರಿನವರಿಗೆ ಮಾತ್ರ ಅವನು ಬರೆ ನಿಂಗಪ್ಪ. ಮಳೆಗಾಲ ಮುಗಿಯುತ್ತಿದ್ದಂತೆ ಆಗ ಮನೆಮನೆಗೆ ಚಳಿಜ್ವರ ಹೊಗುತ್ತಿತ್ತು. ಮೇಲಿಂದ ಮೇಲೆ ಜ್ವರ ಬಂದ ಮಕ್ಕಳಿಗೆ ಎಡಪಕ್ಕೆಯ ಕೆಳಗೆ ಒಂದು ಗಡ್ಡೆ ಕೈಗೆ ಹತ್ತುತ್ತಿತ್ತು. ಜ್ವರಗಡ್ಡಿ ಎನ್ನುತ್ತಿದ್ದರು. ಅಮಾವಾಸ್ಯೆಯ ದಿನ ಅಪ್ಪ ಸಗಣಿ ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಕಡ್ಡಿ ಕಾಸಿ ಆ ಗಡ್ಡೆಯ ಮೇಲೆ ಬರೆ ಎಳೆಯುತ್ತಿದ್ದ. ಮುಧೋಳ, ಬೀಳಗಿ, ತುಬಚಿ ಎಲ್ಲ ಕಡೆಯಿಂದ ಜನ ಚಕ್ಕಡಿ ಕಟ್ಟಿಕೊಂಡು ಮಕ್ಕಳನ್ನು ತರುತ್ತಿದ್ದರು. ಜ್ವರ ಬಿಟ್ಟ ಮೇಲೆ ಗಡ್ಡೆ ತಾನಾಗಿ ಇಳಿಯುತ್ತಿತ್ತು, ಹೆಸರು ಅಪ್ಪನಿಗೆ ಬರುತ್ತಿತ್ತು. ಇಳಿಯದೆ ಸತ್ತವರ ಮಾತನ್ನು ಯಾರೂ ಬಂದು ಹೇಳುತ್ತಿರಲಿಲ್ಲ. ಅವನು ಕೆಟ್ಟವನಲ್ಲ. ಒಂದು ಕಾಳು ಜೋಳ ಯಾರಿಂದಲೂ ಇಸಕೊಂಡವನಲ್ಲ.

ಆ ವರ್ಷ ಮಹಾನವಮಿ ಅಮಾವಾಸ್ಯೆಗೆ ಇನ್ನೂ ಹತ್ತು ಹನ್ನೆರಡು ದಿನ ಇದ್ದಾಗ ಒಂದು ಮುಂಜಾನೆ ಅತ್ತಿಗೆ ಮಾಳಿಗೆ ಎರೆಯುತ್ತಿದ್ದಳು. ನಮ್ಮಲ್ಲಿ ಮಕ್ಕಳಿಗೆ ಎರೆಯುವುದೆಂದರೆ ಕಾಲು ಚಾಚಿ ಕೂತು, ಮಗುವನ್ನು ಕಾಲಮೇಲೆ ಅಡ್ಡ ಮಲಗಿಸಿಕೊಂಡು, ಎಣ್ಣೆ ಹಚ್ಚಿ ಮೈಯೆಲ್ಲ ತಿಕ್ಕಿ ತೀಡುವುದು. ಮಾಳಿ ನಾಲ್ಕು ವರ್ಷದವಳಾದರೂ ಅವ್ವನ ಕಾಲಮೇಲಿನ ಆ ಸುಖ ಬಿಟ್ಟಿರಲಿಲ್ಲ. ನಾನು ನೀರು ಹಾಕುತ್ತಿದ್ದೆ. ಅತ್ತಿಗೆಯ ಕೈ ಎಡಪಕ್ಕೆಯ ಹತ್ತಿರ ನಿಂತುಬಿಟ್ಟಿತು. "ಸಿದ್ದವ್ವಾ, ಇಲ್ಲೊಂದೀಟು ಕೈ ಇಡು," ಎಂದಳು. ಇಟ್ಟೆ. ಚರ್ಮದ ಕೆಳಗೆ ನುಣ್ಣಗೆ, ಗಟ್ಟಿಯಾಗಿ, ಹಸಿ ತೆಂಗಿನಕಾಯಿಯಷ್ಟು ಒಂದು ಗಂಟು. ಮಾಳಿ ಕಣ್ಣು ಮುಚ್ಚಿ ಆರಾಮಾಗಿ ನಗುತ್ತಿದ್ದಳು.

ಅಪ್ಪ ಬಂದು ಕೈ ಆಡಿಸಿ ನೋಡಿದ. ಯಾವಾಗಲೂ ನೋಡುವುದಕ್ಕಿಂತ ಹೆಚ್ಚು ಹೊತ್ತು ನೋಡಿದ. ಆಮೇಲೆ, "ಜ್ವರಗಡ್ಡಿ. ಅಮಾಸಿ ದಿನ ಬರಿ ಹಾಕತೇನಿ," ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ನನಗೆ ಅಲ್ಲೇ ಸಿಟ್ಟು ಬಂತು. ಮಾಳಿಗೆ ಆ ವರ್ಷ ಒಂದು ಸಲವೂ ಚಳಿ ಬಂದಿರಲಿಲ್ಲ. ಬಿಳಿ ನೀರಿನ ಡಿಡಿಟಿ ಹೊಡೆಯುವ ಸರಕಾರದ ಮಂದಿ ಅದೇ ಬೇಸಗೆಯಲ್ಲಿ ಬಂದು ನಮ್ಮ ಗೋಡೆಗಳಿಗೆಲ್ಲ ಹೊಡೆದು ಹೋಗಿದ್ದರು. ಜ್ವರವೇ ಇಲ್ಲದ ಮೇಲೆ ಜ್ವರಗಡ್ಡಿ ಎಲ್ಲಿಂದ ಬರುತ್ತದೆ? ಮರುದಿನ ಮಾಳಿ ಹಿತ್ತಲಲ್ಲಿ ಬೂದಿಯ ಗುಡ್ಡೆಯ ಪಕ್ಕ ಉಚ್ಚೆಗೆ ಕೂತಳು. ಎದ್ದ ಮೇಲೆ ಬೂದಿ ನಸುಗೆಂಪಾಗಿತ್ತು. ಅತ್ತಿಗೆ ಅದನ್ನು ನೋಡಿ ನನ್ನ ಮುಖ ನೋಡಿದಳು. ಬಳೆ ಇಡಿಸಿಕೊಂಡು ಬರುತ್ತೇವೆಂದು ಸುಳ್ಳು ಹೇಳಿ ಇಬ್ಬರೂ ಮಾಳಿಯನ್ನು ಎತ್ತಿಕೊಂಡು ಜಮಖಂಡಿಯ ಮೋಟರು ಹತ್ತಿದೆವು.

ಜಮಖಂಡಿಯ ದವಾಖಾನೆಯಲ್ಲಿ ಆಗ ಕೊಂಕಣದ ಕಡೆಯ ಒಬ್ಬ ಡಾಕ್ಟರು ಇದ್ದರು. ಸಣಕಲ ಮನುಷ್ಯ, ಮರಾಠಿ ಬೆರೆತ ಕನ್ನಡ. ಅವರೂ ಮೊದಲು ಪಕ್ಕೆಯನ್ನು ನೋಡಿ ಕ್ವಿನೈನಿನ ಮಾತೇ ಆಡಿದರು. ಕೆಂಪು ಉಚ್ಚೆಯ ಸುದ್ದಿ ಹೇಳಿದೊಡನೆ ಚೀಟಿ ಬರೆಯುವುದನ್ನು ಬಿಟ್ಟು ಎದ್ದುಬಂದರು. ಮಾಳಿಯನ್ನು ಮಲಗಿಸಿ ಒಂದು ಕೈ ಬೆನ್ನ ಕೆಳಗೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟರು. ಉಸಿರು ಎಳಿ, ಬಿಡು ಎಂದರು. ಉಸಿರಿನ ಜೊತೆ ಜ್ವರಗಡ್ಡಿ ಮೇಲೆ ಕೆಳಗೆ ಜಾರುತ್ತದಂತೆ, ಇದು ಅಷ್ಟು ಜಾರಲಿಲ್ಲ. ಬೆನ್ನಿನ ಕಡೆಯಿಂದ ಬೇರು ಬಿಟ್ಟುಕೊಂಡು ಕೂತಿತ್ತು.

ಕೈ ತೆಗೆದು ಅವರು ಬಹಳ ಹೊತ್ತು ತೊಳೆದುಕೊಂಡರು. "ನೋಡ ಬಾಯಿ, ಹೇ ಜ್ವರಗಡ್ಡಿ ನವ್ಹೆ," ಎಂದರು. ಜ್ವರಗಡ್ಡಿ ಅಲ್ಲ ಎಂದು ತಿಳಿಯುವಷ್ಟು ಮರಾಠಿ ನನಗೆ ಬರುತ್ತಿತ್ತು. "ಇದು ಮೂತ್ರಪಿಂಡದಾಗ ಎದ್ದ ಗಂಟು. ಕ್ಯಾನ್ಸರ್ ಅಂತಾರ. ಸಣ್ಣ ಮಕ್ಕಳಿಗೆ ಬರೂದು ಭಾಳ ಅಪರೂಪ. ನಾನು ಪುಸ್ತಕದಾಗ ಓದೇನಿ, ಕಣ್ಣಿಲೆ ನೋಡಿದ್ದು ಇವತ್ತೇ."

ಅತ್ತಿಗೆ ಕೇಳಿದಳು: "ಮೂತ್ರಪಿಂಡ ಅಂದರ, ಕುರಿಯೊಳಗ ಬೆನ್ನಿಗೆ ಹತ್ತಿ ಎರಡು ಇರತಾವಲ್ಲರೀ, ಅವೇನು?"

"ಹೌದವಾ, ಅವೇ. ಒಂದು ತಗದರ ಇನ್ನೊಂದರ ಮ್ಯಾಲ ಮನಷ್ಯಾ ಬದುಕತಾನ."

"ಹಂಗಾರ ತಗೀರಿ," ಎಂದಳು ಅತ್ತಿಗೆ. ಅವಳ ಬಾಯಿಂದ ಅಷ್ಟು ಗಟ್ಟಿಯಾಗಿ ಮಾತು ಬಂದದ್ದನ್ನು ನಾನು ಅಂದೇ ಕೇಳಿದ್ದು.

ತೆಗೆಯುವ ಕೆಲಸ ಜಮಖಂಡಿಯಲ್ಲಿ ಆಗುವಂಥದಲ್ಲ, ಮಿರಜಕ್ಕೆ ಹೋಗಬೇಕು ಎಂದರು. ಮಗುವಿನ ಅಪ್ಪನೇ ಬಂದು ಒಪ್ಪಿಗೆ ಕೊಡಬೇಕು, ಆಮೇಲೆ ಮುಂಬೈಯಲ್ಲಿ ಕಿರಣದ ಉಪಚಾರ. "ಬದುಕತಾಳ ಅಂತ ನಾ ಮಾತು ಕೊಡೂದಿಲ್ಲ. ಬಿಟ್ಟರ ಉಳ್ಯಾಂಗಿಲ್ಲ, ಇದು ಖರೆ," ಎಂದರು. ಹೊರಡುವಾಗ ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. "ಈ ಗಂಟಿನ ಮ್ಯಾಲ ಒಂದು ತೆಳ್ಳನ್ನ ಪೊರಿ ಇರತೈತಿ. ಯಾರೂ ಒತ್ತಬಾರದು. ಒಡೀತಂದರ ಹೊಟ್ಟಿ ತುಂಬ ಬೀಜ ಚೆಲ್ಲಿದಂಗ. ಎರಿಯೂದು, ತಿಕ್ಕೂದು, ಮುಟ್ಟಿ ನೋಡೂದು ಎಲ್ಲಾ ಬಂದ್. ನಾನು ಒತ್ತಿದ್ದೇ ಕಡೀದು ಆಗಲಿ."

ಹೇಳುವುದು ಸುಲಭ. ನಮ್ಮೂರಿನಲ್ಲಿ ಜಡ್ಡಾದ ಮಗುವನ್ನು ನೋಡಲು ಬಂದವರು ಕಣ್ಣಿನಿಂದ ನೋಡಿ ಹೋಗುವುದಿಲ್ಲ. ಕೈಯಿಂದ ನೋಡುತ್ತಾರೆ. ಬರೆ ನಿಂಗಪ್ಪನ ಮೊಮ್ಮಗಳಿಗೇ ಗಡ್ಡಿ ಎಂದಮೇಲೆ ಕೇಳಬೇಕೆ? ಮುಂಜಾನೆಯಿಂದ ಮನೆ ತುಂಬ ಹೆಂಗಸರು. ಒಬ್ಬಳು ಬೆರಳಿನಿಂದ ಅಳೆದರೆ ಇನ್ನೊಬ್ಬಳು ಅಂಗೈಯಿಂದ ಒತ್ತಿ, "ಕಲ್ಲು ಆಗೇತಿ ನೋಡ ಎವ್ವಾ," ಎನ್ನುವಳು. ಒಬ್ಬ ಮುದುಕಿ ಎಣ್ಣೆ ತಂದು ತೀಡಲು ಕೂತೇಬಿಟ್ಟಿದ್ದಳು. ನಾನು ಕೈ ಹಿಡಿದು ಎಳೆದೆ. "ಸಾಲಿ ಕಲ್ತಾಕಿ ಸೊಕ್ಕು ನೋಡ್ರೆ," ಎಂದರು. "ಹೌದ್ರಿ, ಸೊಕ್ಕ ಐತಿ. ಕೈ ತಗೀರಿ," ಎಂದೆ. ನಾನು ಸಾಲೆಗೆ ಹೋದ ಹೊತ್ತು ನೋಡಿ ಮತ್ತೆ ಬಂದು ಒತ್ತಿ ಹೋದರು. ಅತ್ತಿಗೆ ಮಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಡಿಗೆಮನೆಯ ಮೂಲೆ ಹಿಡಿದಳು, ಅಲ್ಲಿಗೂ ಬಂದರು. ಅಣ್ಣನನ್ನು ಕರೆತರಲು ಆಳು ಬೀಳಗಿಯ ಕಡೆಗೆ ಹೋಗಿದ್ದ. ಕುರಿ ಎಲ್ಲಿ ನಿಂತಿವೆ ಎಂದು ಹುಡುಕುವುದೇ ಒಂದು ಕೆಲಸ. ಅಮಾವಾಸ್ಯೆ ಮಾತ್ರ ಯಾರಿಗೂ ಕಾಯದೆ ಹತ್ತಿರ ಬರುತ್ತಿತ್ತು.

ಅಪ್ಪನಿಗೆ ಡಾಕ್ಟರರ ಮಾತು ಹೇಳಿದೆ. ಅವನು ಉಣ್ಣೆ ಹಿಂಜುತ್ತಾ ಕೇಳಿಸಿಕೊಂಡ. "ಹೊಟ್ಟಿ ಸೀಳಿದ ಕುರಿ ಬದುಕಿದ್ದು ನಾ ನೋಡಿಲ್ಲ," ಎಂದ.

"ಮನಷ್ಯಾರು ಬದುಕಿದ್ದು ಅವರು ನೋಡ್ಯಾರ, ಯಪ್ಪಾ."

"ನನ್ನ ಕೈಯಾಗ ಎಷ್ಟು ಮಕ್ಕಳು ಉಳದಾವು, ನೀ ಎಣಿಸೀಯೇನು?"

"ಉಳೀಲಾರದ ಸತ್ತವರನ್ನ ಯಾರು ಎಣಿಸ್ಯಾರ?" ಎಂದೆ. ಅಪ್ಪ ಎದ್ದು ಹೋದ. ಎರಡು ದಿನ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಅದು ಸಾಲೆಯಲ್ಲಿ ಕಲಿತದ್ದಲ್ಲ, ಕುರಿಹಟ್ಟಿಯಲ್ಲಿ ಕಲಿತದ್ದು. ನಮ್ಮಲ್ಲಿ ಬೀರಪ್ಪನಿಗೆ ಹರಕೆ ಹೊತ್ತು ಒಂದು ಕುರಿ ಬಿಡುತ್ತಾರೆ. ಗುಡಿಯ ಮುಂದೆ ಅದರ ಮೈಗೆ ಭಂಡಾರ, ಅಂದರೆ ದೇವರ ಅರಿಸಿನಪುಡಿ, ಹಚ್ಚಿ "ಬಿಟ್ಟೆ" ಎಂದರೆ ಮುಗಿಯಿತು. ನಮ್ಮ ಬೀರಪ್ಪ ರಕ್ತ ಕೇಳುವ ದೇವರಲ್ಲ. ಆ ಕುರಿಗೆ ಯಾರೂ ಬರೆ ಹಾಕುವಂತಿಲ್ಲ, ಹೊಡೆಯುವಂತಿಲ್ಲ, ಕೊಳ್ಳುವವರು ಹೊಟ್ಟೆ ಬೆನ್ನು ಒತ್ತಿ ನೋಡುವಂತಿಲ್ಲ. ಹರಕೆ ತೀರುವ ತನಕ ಅದು ದೇವರ ಸೊತ್ತು. ಮರುದಿನ ಮುಂಜಾನೆ ಮಾಳಿಯನ್ನು ಎತ್ತಿಕೊಂಡು ಗುಡಿಗೆ ಹೋದೆ. ಹತ್ತು ಮಂದಿಯ ಎದುರಿಗೆ ಬೆರಳ ತುದಿಯಿಂದ ಅವಳ ಹೊಟ್ಟೆಯ ತುಂಬ ಭಂಡಾರ ಹಚ್ಚಿದೆ. "ಬೀರಪ್ಪಾ, ಈಕೀನ ಜಡ್ಡು ತೀರೂತನಕ ನಿನಗ ಬಿಟ್ಟೇನಿ," ಎಂದು ಗಟ್ಟಿಯಾಗಿ ಹೇಳಿದೆ. ಪೂಜಾರಿಯ ಬಾಯಿ ತೆರೆದೇ ಇತ್ತು. ಮಾಳಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು.

ಊರಿನ ಕೈಗಳೆಲ್ಲ ಒಮ್ಮೆಲೇ ಸೆರಗಿನೊಳಗೆ ಸೇರಿದವು. ಹೆಂಗಸರು ಬಂದರೆ ದೂರ ನಿಂತು ಕೈ ಮುಗಿದು ಹೋಗತೊಡಗಿದರು. ನಾನು ಮನಸ್ಸಿನಲ್ಲೇ ಮೀಸೆ ತಿರುವಿದೆ.

ಅಮಾವಾಸ್ಯೆಯ ಹಗಲು ಅಂಗಳದಲ್ಲಿ ಕುಳ್ಳಿನ ಬೆಂಕಿ ಬಿದ್ದಿತ್ತು. ಹೊರಗಿನ ಮಕ್ಕಳ ಸರದಿ ಮುಗಿಸಿ ಅಪ್ಪ, ಕೆಂಪಗೆ ಕಾದ ಕಡ್ಡಿ ಹಿಡಿದು ಒಳಗೆ ಬಂದ. ಕಾದ ಕಬ್ಬಿಣದ ವಾಸನೆ ಮನೆಯ ಜಂತಿಯ ತನಕ ಏರಿತು. ಗುಡಿಯಲ್ಲಿ ನಡೆದದ್ದು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ, ಕಣ್ಣಿಗಂತೂ ಬಿದ್ದಿರಲಿಲ್ಲ. ಮಾಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಿಗೆ ಮೂಲೆಯಲ್ಲಿ ಕೂತಿದ್ದಳು. ನಾನು ಹೋಗಿ ಮಾಳಿಯ ಅಂಗಿ ಎತ್ತಿ ತೋರಿಸಿದೆ. ಹಳದಿ ಹೊಟ್ಟೆ.

ಅಪ್ಪ ನಿಂತ. ಕಡ್ಡಿಯ ಕೆಂಪು ನಿಧಾನವಾಗಿ ಕಪ್ಪಾಗುವ ತನಕ ನಿಂತೇ ಇದ್ದ. ಆಮೇಲೆ ಅದನ್ನು ಹೊಸ್ತಿಲಲ್ಲಿ ಇಟ್ಟು, "ಭಾಳ ಶ್ಯಾಣ್ಯಾಕಿ ಆಗೀಯಲೇ ಸಿದ್ದಿ," ಎಂದ. ಸಿಟ್ಟೋ ಸೋಲೋ ನನಗೆ ತಿಳಿಯಲಿಲ್ಲ. ಗೆದ್ದೆ ಎಂದು ನಾನು ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಗೆದ್ದಿರಲಿಲ್ಲ. ಮೂರನೆಯ ದಿನ ಅಣ್ಣ ಧೂಳು ಮುಖದಲ್ಲಿ ಬಂದಿಳಿದ. ವಿಷಯ ಕೇಳಿ ಮಗಳನ್ನು ಎದೆಗೆ ಅವುಚಿಕೊಂಡು ಅತ್ತ, "ನಡೀರಿ ಹೋಗೂನು" ಎಂದ. ಗಂಟು ಕಟ್ಟಿಕೊಂಡು ಹೊಸ್ತಿಲು ದಾಟುವಾಗ ಅಪ್ಪ ಅಡ್ಡ ನಿಂತ. ಅವನ ಹಿಂದೆ ಪೂಜಾರಿ, ಊರಿನ ಹಿರಿಯರು.

"ದೇವರಿಗೆ ಬಿಟ್ಟದ್ದಕ್ಕ ಕತ್ತರಿ ಹಚ್ಚಾಕ ಬರೂದಿಲ್ಲ," ಎಂದ ಅಪ್ಪ. "ಉಣ್ಣಿ ಕತ್ತರಿಸಾಕ ಬರೂದಿಲ್ಲ ಅಂದಮ್ಯಾಲ ಹೊಟ್ಟಿ ಕತ್ತರಿಸಾಕ ಹೆಂಗ ಬರತೈತಿ? ನೀನಾ ಬಿಟ್ಟೀ. ಹತ್ತು ಮಂದಿ ಮುಂದ ಬಿಟ್ಟೀ."

ಹೌದು, ದೇವರ ಕುರಿಗೆ ಬರೆಯೂ ಇಲ್ಲ, ಕತ್ತರಿಯೂ ಇಲ್ಲ. ಬರೆಯ ಭಯದಲ್ಲಿ ಕತ್ತರಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಆದರೆ ಭಂಡಾರ ಹಚ್ಚಿದ್ದು ತಪ್ಪೆಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆ ಹಳದಿ ಇಲ್ಲದಿದ್ದರೆ ಆ ಗಂಟು ಎಷ್ಟು ಕೈಗಳಲ್ಲಿ ಒಡೆಯುತ್ತಿತ್ತೋ. "ದೇವರಿಗೆ ಬಿಟ್ಟೇನಿ, ಗೋರಿಗೆ ಬಿಟ್ಟಿಲ್ಲ," ಎಂದು ಕೂಗಾಡಿದೆ. ಅಣ್ಣ ಅಪ್ಪನ ಎದುರು ಎಂದೂ ತಲೆ ಎತ್ತಿದವನಲ್ಲ, ಗಂಟು ಇಳಿಸಿ ಜಗಲಿಯ ಮೇಲೆ ಕೂತುಬಿಟ್ಟ.

ಆಗ ಬಾಗಿಲ ಒಳಗಿನಿಂದ ಅತ್ತಿಗೆ ಮಾತಾಡಿದಳು. ಸೆರಗು ಮುಖದ ಮೇಲೆಯೇ ಇತ್ತು. "ದೇವರ ಕುರಿ ಕಾಲು ಮುರಕೊಂಡರ ಬದಲಿ ಕುರಿ ಬಿಡತೀರಿ. ಹೌದೋ ಅಲ್ಲೋ, ಮಾವಾ? ಇದರ ಬದಲಿ ನನ್ನ ಬಿಡ್ರಿ."

ಹೌದು, ಆ ಪದ್ಧತಿ ಇತ್ತು. ಪೂಜಾರಿ ಗಂಟಲು ಸರಿಮಾಡಿಕೊಂಡು, "ಬದಲಿ ಕೊಡಬೇಕಾದರ ಅದೇ ಹಟ್ಟಿದು ಇರಬೇಕವಾ. ನೀನು ಬ್ಯಾರೆ ಮನಿ ಮಗಳು," ಎಂದ.

"ನಾ ಅದೇ ಹಟ್ಟೀದಾಕಿ," ಎಂದೆ ನಾನು. "ನನಗ ಹಚ್ಚರಿ ಭಂಡಾರ."

ಅಪ್ಪ ನನ್ನನ್ನು ನೋಡಿದ. ಅವನು ಒಳಗೆ ಹೋಗಿ ದೇವರ ಗೂಡಿನಿಂದ ಭಂಡಾರದ ಚೀಲ ತಂದ. ನಾನು ಹಣೆ ಒಡ್ಡಿದೆ. ಅವನು ನನ್ನನ್ನು ಕೈಯಿಂದ ಆಚೆ ಸರಿಸಿದ. "ನಿನ್ನ ವಯಸ್ಸ ಇನ್ನೂ ಐತಿ. ನಾಳೆ ಬಾಣಂತನಾ ಬಂದೀತು, ಏನರೆ ಬಂದೀತು, ಕತ್ತರಿ ಕೆಲಸ ಬಿದ್ದೀತು," ಎಂದ. ಮಾಳಿಯನ್ನು ಹತ್ತಿರ ಕರೆದು ತನ್ನ ರುಮಾಲಿನ ಚುಂಗಿನಿಂದ ಅವಳ ಹೊಟ್ಟೆಯ ಹಳದಿಯನ್ನು ಒರೆಸಿದ. ಒತ್ತದೆ, ಎಳೆಗರುವಿನ ಮೈ ಒರೆಸಿದಂತೆ ಹಗುರವಾಗಿ ಒರೆಸಿದ. ಆಮೇಲೆ ರುಮಾಲು ಬಿಚ್ಚಿ ತನ್ನ ಬೋಳಿಸಿದ ತಲೆಯ ಮೇಲೆ ಒಂದು ಮುಷ್ಟಿ ಭಂಡಾರ ಸುರುವಿಕೊಂಡ. "ಬೀರಪ್ಪಾ, ಬದಲಿ ನಾ ಅದೇನಿ. ಅಕೀನ ಜಡ್ಡು ತೀರೂತನಕ," ಎಂದ. ಪೂಜಾರಿಯ ಕಡೆ ತಿರುಗಿ, "ಏನ, ನಡೀತೈತೇನು?" ಎಂದು ಕೇಳಿದ. ಆ ದನಿಗೆ ಇಲ್ಲವೆನ್ನುವ ಎದೆ ಪೂಜಾರಿಗೆ ಇರಲಿಲ್ಲ.

ಅಪ್ಪನೂ ನಮ್ಮ ಜೊತೆ ಹೊರಟ. ಕುಡಚಿಯ ತನಕ ಮೋಟರು, ಅಲ್ಲಿಂದ ರೈಲು. ರೈಲು ಕೃಷ್ಣೆಯ ಸೇತುವೆಯ ಮೇಲೆ ಸದ್ದು ಮಾಡುತ್ತ ಹೋಗುವಾಗ ಮಾಳಿ ಕಿಟಕಿಗೆ ಮುಖ ಒತ್ತಿ ನೀರು ನೋಡುತ್ತಿದ್ದಳು. ಅಪ್ಪ ನನ್ನ ಪಕ್ಕ ಕೂತಿದ್ದ. ನನ್ನ ಮುಖ ನೋಡದೆ ಹೇಳಿದ: "ಅದು ಜ್ವರಗಡ್ಡಿ ಅಲ್ಲಂತ ಮೊದಲನೇ ದಿನಾನ ನನ್ನ ಕೈಗೆ ತಿಳದಿತ್ತು."

"ತಿಳದೂ ಬರಿ ಹಾಕಾಕ ನಿಂತಿದ್ದಿಯೇನು?"

"ಮತ್ತೇನ ಮಾಡಲಿ? ಮೊಮ್ಮಗಳು ಸಾಯತಾಳಂತ ಗೊತ್ತಾತು. ನನ್ನ ಕೈಯಾಗ ಇದ್ದದ್ದು ಅದೊಂದು ಕಡ್ಡಿ," ಎಂದ. ನಾನು ಬುತ್ತಿಯ ಗಂಟು ಬಿಚ್ಚಿ ಒಂದು ರೊಟ್ಟಿ ಅವನ ಕೈಗಿಟ್ಟೆ.

ಮಿರಜದಲ್ಲಿ ರಕ್ತನಾಳಕ್ಕೆ ಔಷಧ ಬಿಟ್ಟು ಚಿತ್ರ ತೆಗೆದರು. ಬಲಗಡೆಯ ಮೂತ್ರಪಿಂಡ ಛಲೋ ಬಿಡಿಸಿದಂತೆ ಕಾಣುತ್ತಿತ್ತು, ಎಡಗಡೆಯದು ಹಿಂಡಿ ಎಳೆದಂತೆ ವಿಕಾರವಾಗಿತ್ತು. ಹೊಟ್ಟೆ ಕೊಯ್ಯುವ ಡಾಕ್ಟರು ದೊಡ್ಡ ಕೈಯ, ಸಣ್ಣ ಮಾತಿನ ಮನುಷ್ಯ. ಅವರು ಮಾಡಿದ ಮೊದಲ ಕೆಲಸವೆಂದರೆ ಮಾಳಿಯ ಮಂಚಕ್ಕೆ ಒಂದು ಹಲಗೆ ತೂಗುಹಾಕಿಸಿದ್ದು. ಅಪ್ಪ ಅದರಲ್ಲಿ ಏನು ಬರೆದಿದೆ ಎಂದು ಕೇಳಿದ. "ಈ ಮಗುವಿನ ಹೊಟ್ಟೆಯನ್ನು ಯಾರೂ ಒತ್ತಬಾರದು ಅಂತ ಬರದಾರ," ಎಂದೆ. ಅಪೂರ್ವ ಜಡ್ಡೆಂದು ನೋಡಲು ಬಂದ ಕಲಿಯುವ ಡಾಕ್ಟರರೆಲ್ಲ ಆ ಹಲಗೆ ಓದಿ ಕೈ ಕಟ್ಟಿಕೊಂಡು ನಿಂತರು. ಅಪ್ಪ ನಕ್ಕ. "ಇವರದು ಹಲಗಿ, ನಿಂದು ಭಂಡಾರ. ಕೆಲಸ ಒಂದ," ಎಂದ. ಆದರೂ ಅವನಿಗೆ ಹಲಗೆಯ ಮೇಲೆ ಪೂರಾ ನಂಬಿಕೆ ಬರಲಿಲ್ಲ. ಕೋಲು ಊರಿಕೊಂಡು ಮಂಚದ ಕಾಲಹತ್ತಿರವೇ ಕೂತ. ಹಾಸಿಗೆ ಬದಲಿಸಲು ಬಂದ ನರ್ಸಮ್ಮನಿಗೂ, "ಹೊಟ್ಟಿ ಹುಷಾರ್ರಿ ಬಾಯಿ," ಎನ್ನುವನು.

ಆಪರೇಷನ್ನಿನ ದಿನ ಅತ್ತಿಗೆ ಒಂದು ಹನಿ ನೀರು ಕುಡಿಯಲಿಲ್ಲ. ಅಣ್ಣ ಗೋಡೆಗೆ ಮುಖ ಮಾಡಿ ಕೂತಿದ್ದ. ಡಾಕ್ಟರು ಹೊರಗೆ ಬಂದು ತೊಯ್ದ ಕೈಗಳನ್ನು ಎತ್ತಿ ಹಿಡಿದುಕೊಂಡೇ, "ಗಂಟು ಇಡೀದು ಬಂತು. ಪೊರಿ ಒಡೆದಿಲ್ಲ," ಎಂದರು. ಅತ್ತಿಗೆಗೆ ಒಂದೇ ಸಲಕ್ಕೆ ಮಾತು ತಲೆಗೆ ಹತ್ತಲಿಲ್ಲವೆಂದು ನಾನು ಇನ್ನೊಮ್ಮೆ ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು. ನಾನು ಅಳಲಿಲ್ಲ. ಚಿಮ್ಮಡದಲ್ಲಿ ಎಣ್ಣೆ ತಂದಿದ್ದ ಆ ಮುದುಕಿಯನ್ನು ನೆನೆದು ಹಲ್ಲು ಕಚ್ಚಿದೆ.

ಅಲ್ಲಿಂದ ಮುಂಬೈ. ಊರಿಗೆಲ್ಲ ಹೆದರದ ನಾನು ಆ ಊರಿಗೆ ಸ್ವಲ್ಪ ಹೆದರಿದೆ. ದೊಡ್ಡ ದವಾಖಾನೆಯಲ್ಲಿ ಮಾಳಿಯ ಹೊಟ್ಟೆಯ ಮೇಲೆ ನೇರಳೆ ಬಣ್ಣದಿಂದ ಒಂದು ಚೌಕ ಬರೆದು, ಆ ಚೌಕದೊಳಗೆ ಯಂತ್ರದಿಂದ ಕಿರಣ ಬಿಡುತ್ತಿದ್ದರು. ಒಬ್ಬಳನ್ನೇ ಒಳಗೆ ಮಲಗಿಸಿ ಎಲ್ಲರೂ ಹೊರಗೆ. ಅಲುಗಾಡಬಾರದು. ಮಾಳಿ ಅಲುಗಾಡದೆ ಮಲಗುತ್ತಿದ್ದಳು, ಉಣ್ಣೆ ಕತ್ತರಿಸುವಾಗ ಕುರಿ ಹೇಗೆ ಮಲಗುತ್ತದೋ ಹಾಗೆ ಮಲಗಬೇಕೆಂದು ಅಜ್ಜ ಹೇಳಿಕೊಟ್ಟಿದ್ದ. ಹಸಿವು ಹೋಯಿತು, ವಾಂತಿ ಆಯಿತು, ಕೈಕಾಲು ಕಡ್ಡಿಯಾದವು. ಕೆಲವು ವಾರಗಳ ಮೇಲೆ ಆ ಚೌಕದ ಚರ್ಮ ಕೆಂಪಾಗಿ, ಆಮೇಲೆ ಕಪ್ಪಗೆ ಸುಟ್ಟಂತಾಯಿತು. ಅಪ್ಪ ಬಗ್ಗಿ ಅದನ್ನು ನೋಡಿದ. "ಇವರೂ ಬರೀನ ಹಾಕ್ಯಾರಲ್ಲಲೇ," ಎಂದ. ಅಲ್ಲಿಯ ಡಾಕ್ಟರರನ್ನೇ ಕೇಳಿದೆ. ಅವರು ನಗಲಿಲ್ಲ. ಸುಡುವುದು ಖರೆ, ಆದರೆ ಯಾವುದನ್ನು, ಎಷ್ಟು, ಎಲ್ಲಿಯ ತನಕ ಸುಡಬೇಕೆಂದು ಅಳೆದು ಸುಡುತ್ತೇವೆ, ಅಳತೆ ನಮಗೂ ಇನ್ನೂ ಪೂರಾ ಬಂದಿಲ್ಲ ಎಂದರು. ಅಪ್ಪ ಆ ಮಾತಿಗೆ ತಲೆದೂಗಿದ.

ಪಕ್ಕದ ಮಂಚದಲ್ಲಿ ರತ್ನಾಗಿರಿಯ ಕಡೆಯ ಒಂದು ಮಗು ಇತ್ತು. ಅದೇ ಜಡ್ಡು. ಬರುವಾಗಲೇ ಗಂಟು ಒಡೆದಿತ್ತಂತೆ. ಮಾಳಿಯೂ ಅದೂ ಒಂದು ಮರದ ಆನೆ ಇಟ್ಟುಕೊಂಡು ಆಡುತ್ತಿದ್ದರು. ಒಂದು ದಿನ ಮಂಚ ಖಾಲಿಯಾಯಿತು. ಆನೆ ಮಾಳಿಯ ಹತ್ತಿರ ಉಳಿಯಿತು. ಆ ತಾಯಿ ನಮಗೆ ಅದನ್ನು ಬಿಟ್ಟು ಹೋದಳು.

ಎರಡು ವರ್ಷ ಕಾಯಬೇಕು, ಅಷ್ಟರೊಳಗೆ ತಿರುಗಿ ಬರದಿದ್ದರೆ ಬಹುಮಟ್ಟಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಆ ಎರಡು ವರ್ಷ ಊರಿನ ಬಾಯಿಯ ಜೊತೆ ಜಗಳಾಡುತ್ತಲೇ ಕಳೆದೆ. "ಒಂದ ಪಿಂಡದ ಹುಡಿಗಿ, ಎಷ್ಟು ದಿನ ಇದ್ದಾಳು," ಎನ್ನುವರು. "ನಿಮಗ ಎರಡದಾವಲ್ಲ, ನೀವೇನ ಮಾಡೀರಿ?" ಎನ್ನುವೆನು. "ಯಾರು ಲಗ್ನಾ ಆದಾರು," ಎಂದರೆ, "ಮೊದಲ ಅಕ್ಷರಾ ಕಲೀಲಿ" ಎಂದು ಅವಳನ್ನು ಬನಹಟ್ಟಿಗೆ ಕರೆದೊಯ್ದು ನನ್ನ ಸಾಲೆಯಲ್ಲೇ ಕೂರಿಸಿದೆ. ಓಡಬೇಡ, ಜಿಗಿಯಬೇಡ ಎಂದು ಯಾರಾದರೂ ಅಂದರೆ ನಾನೇ ಓಡಿಸುತ್ತಿದ್ದೆ. ಆದರೆ ಪ್ರತಿ ಸಲ ಮಿರಜಕ್ಕೆ ತೋರಿಸಲು ಹೋಗುವಾಗ ಕೃಷ್ಣೆಯ ಸೇತುವೆ ಬಂದೊಡನೆ ನಾನು ಅವಳನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದೆ.

ಅಪ್ಪ ಬದಲಾದ ಎಂದು ಬರೆದರೆ ಸುಳ್ಳಾದೀತು. ಅಮಾವಾಸ್ಯೆಗೆ ಅವನ ಕುಳ್ಳಿನ ಬೆಂಕಿ ಇನ್ನೂ ಕೆಲವು ಕಾಲ ಉರಿಯಿತು. ಡಿಡಿಟಿಯಿಂದ ಚಳಿಜ್ವರವೇ ಕಡಿಮೆಯಾಗಿ ಬರುವವರೂ ಕಡಿಮೆಯಾದರು. ಒಂದು ಮಾತ್ರ ಮಾಡಿದ. ಜ್ವರವಿಲ್ಲದೆ ಗಂಟು ಬಂದ ಮಗು ಎಂದು ತಿಳಿದರೆ ಕೈ ಹಿಂದೆ ಕಟ್ಟಿಕೊಂಡು, "ಮುಟ್ಟಬ್ಯಾಡ್ರಿ. ಜಮಖಂಡಿಗೆ ಒಯ್ಯರಿ, ಇವತ್ತ ಒಯ್ಯರಿ," ಎನ್ನುವನು. ಮತ್ತು ಬದಲಿ ಕುರಿಯ ಮಾತು ಉಳಿಸಿಕೊಂಡ. ಯಾವಾಗಲೂ ತಲೆ ಬೋಳಿಸುತ್ತಿದ್ದ ಮನುಷ್ಯ, ಕತ್ತರಿ, ಕ್ಷೌರದ ಕತ್ತಿ ಎರಡನ್ನೂ ಮೈಗೆ ತಾಗಿಸಿಕೊಳ್ಳಲಿಲ್ಲ. ಗಡ್ಡ ಎದೆಗೆ ಬಂತು, ಕೂದಲು ಜಡೆಗಟ್ಟಿ ಹೆಗಲಿಗೆ ಬಂತು. ಬನಹಟ್ಟಿಯ ಸಂತೆಯಲ್ಲಿ ಯಾರೋ ಸನ್ಯಾಸಿಯೆಂದು ಕಾಲಿಗೆ ಬಿದ್ದರೆ, "ಏಳ್ರಿ, ನಾ ಕುರಿ ಅದೇನಿ," ಎನ್ನುತ್ತಿದ್ದ. ಮಾಳಿ ಅವನ ಗಡ್ಡಕ್ಕೆ ಹೆರಳು ಹಾಕಿ ರಿಬ್ಬನ್ ಕಟ್ಟುತ್ತಿದ್ದಳು.

ಎರಡು ವರ್ಷ ದಾಟಿದ ಮೇಲೆ ಮಿರಜದ ಅದೇ ದೊಡ್ಡ ಕೈಯ ಡಾಕ್ಟರು ಎದೆಯ ಚಿತ್ರ, ಹೊಟ್ಟೆ ಎಲ್ಲ ನೋಡಿದರು. "ಇನ್ನು ನನ್ನ ಕಡೆ ಬರೂದು ಬ್ಯಾಡ. ಸಾಲಿಗೆ ಹೋಗು," ಎಂದು ಮಾಳಿಯ ಬೆನ್ನು ಚಪ್ಪರಿಸಿದರು. ನಾನು ಅಂದು ಅತ್ತೆ. ರೈಲಿನಲ್ಲಿ, ಮೋಟರಿನಲ್ಲಿ, ಚಿಮ್ಮಡದ ಅಗಸಿಬಾಗಿಲ ತನಕ ನಾಚಿಕೆಯಿಲ್ಲದೆ ಅತ್ತೆ.

ಅಪ್ಪ ಅಗಸಿಯಲ್ಲೇ ನಿಂತಿದ್ದ. ಸುದ್ದಿ ಕೇಳಿದವನೇ ಮಾಳಿಯ ಕೈ ಹಿಡಿದುಕೊಂಡು ನೆಟ್ಟಗೆ ಬೀರಪ್ಪನ ಗುಡಿಗೆ ನಡೆದ, ದಾರಿಯಲ್ಲಿ ಕ್ಷೌರ ಮಾಡುವ ಹಡಪದವನನ್ನು ಕೂಗಿ ಕರೆದ. ಗುಡಿಯ ಮುಂದಿನ ಕಲ್ಲಿನ ಮೇಲೆ ಕೂತು ರುಮಾಲು ಬಿಚ್ಚಿದ. ಊರು ಕೂಡಿತು. ಹಡಪದವನು ಕತ್ತಿ ಮಸೆದು, ಹತ್ತಿರ ಬಂದು, ಆ ಜಡೆ ನೋಡಿ ಹಿಂದೆ ಸರಿದ.

"ಕಾಕಾ, ಇದು ದೇವರಿಗೆ ಬಿಟ್ಟ ಕೂದಲಾ. ಕತ್ತಿ ಹಚ್ಚಿದರ ನನಗೇನರೆ ಆದರ? ನಿನಗ ಆದರ?"

ಪೂಜಾರಿಯೂ, ಒಳ್ಳೆಯ ದಿನ ನೋಡಿ ಮಾಡಿದರಾಯಿತೆಂದು ಏನೋ ಗೊಣಗಿದ.

ಅಪ್ಪ ಮಾಳಿಯನ್ನು ಮುಂದೆ ಎಳೆದು ನಿಲ್ಲಿಸಿಕೊಂಡು, ಅವಳ ಅಂಗಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದ. ಪಕ್ಕೆಯಿಂದ ಹೊಕ್ಕುಳ ತನಕ ಹರಿದ ಗಾಯದ ಗೆರೆ, ಅದರ ಸುತ್ತ ಕಪ್ಪು ಚೌಕ. ಒತ್ತಿ ನೋಡಿದ್ದ ಹೆಂಗಸರೆಲ್ಲ ಅಲ್ಲಿದ್ದರು.

"ಈಕೀ ಹೊಟ್ಟಿಗೆ ಕತ್ತಿ ಹಚ್ಚ್ಯಾರ," ಎಂದ ಅಪ್ಪ. "ಈಕಿ ಬದುಕ್ಯಾಳ. ನನ್ನ ತಲಿಗೆ ಹಚ್ಚಿದರ ನಾ ಸಾಯತೇನೇನು? ಹಚ್ಚೋ."